ಪೆಟ್ಟಿಗೆ ಬಂತು, ರಾಣಿ ಎಲ್ಲಿಂದ?

ಜೇನುಪೆಟ್ಟಿಗೆಗಳಿಗೆ ಈಚಿನ ವರ್ಷಗಳಲ್ಲಿ ಒಳ್ಳೆಯ ಕಾಲ ಬಂದಿದೆ. 2017–18ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ತನ್ನ ಜೇನು ಅಭಿಯಾನವನ್ನು ಆರಂಭಿಸಿತು. 2020ರಲ್ಲಿ ಕೇಂದ್ರ ಸರಕಾರ 500 ಕೋಟಿ ರೂಪಾಯಿಗಳ ರಾಷ್ಟ್ರೀಯ ಜೇನು ಮಿಷನ್ ಘೋಷಿಸಿತು. ಮೂರು ವರ್ಷಕ್ಕೆಂದು ಹೊರಟ ಈ ಯೋಜನೆಯನ್ನು ಆಮೇಲೆ 2025–26ರವರೆಗೆ ವಿಸ್ತರಿಸಲಾಯಿತು. ನಮ್ಮ ರಾಜ್ಯದಲ್ಲಿ ತೋಟಗಾರಿಕೆ ಇಲಾಖೆಯ ಮೂಲಕ ಸಹಾಯಧನದಲ್ಲಿ ಪೆಟ್ಟಿಗೆಗಳೂ ಜೇನು ಕುಟುಂಬಗಳೂ ರೈತರ ಕೈಸೇರುತ್ತ ಬಂದಿವೆ. ‘ಝೇಂಕಾರ’ ಎಂಬ ಹೆಸರಿನಲ್ಲಿ ರಾಜ್ಯದ ಜೇನುತುಪ್ಪಕ್ಕೆ ಒಂದು ಗುರುತನ್ನೂ ಕೊಡಲಾಗಿದೆ.

ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಹಂಚಿದ ಪೆಟ್ಟಿಗೆಗಳ ಲೆಕ್ಕ ಕಡತದಲ್ಲಿ ಸಿಗುವಷ್ಟು ಸುಲಭವಾಗಿ, ಮೂರು ವರ್ಷಗಳ ಅನಂತರ ಅವುಗಳಲ್ಲಿ ಎಷ್ಟರಲ್ಲಿ ನೊಣ ಉಳಿದಿದೆ ಎಂಬ ಲೆಕ್ಕ ಸಿಗುವುದಿಲ್ಲ. ಆ ಲೆಕ್ಕ ಬೇಕಾದವರು ಹಳ್ಳಿಮನೆಗಳ ಅಟ್ಟ ಹತ್ತಬೇಕು. ಕೆಲವು ಪೆಟ್ಟಿಗೆಗಳಲ್ಲಿ ಹುರುಳಿ ಇದೆ, ಕೆಲವುಗಳಲ್ಲಿ ಹಳೆಯ ಹಗ್ಗ, ಕತ್ತಿ. ಕೋಳಿ ಕಾವಿಗೆ ಕೂತ ಜೇನುಪೆಟ್ಟಿಗೆಯನ್ನು ನೋಡದ ಓದುಗರು ಮಲೆನಾಡಿನಲ್ಲಿ ಕಡಿಮೆ ಇರಬಹುದು. ಮೊದಲ ವರ್ಷ ಕುಟುಂಬ ಚೆನ್ನಾಗಿತ್ತು, ಮಳೆಗಾಲದಲ್ಲಿ ಸೊರಗಿತು, ಮೇಣದ ಹುಳು ಬಿತ್ತು, ನೊಣ ಹಾರಿಹೋಯಿತು ಎಂಬ ಮಾತನ್ನೇ ಊರೂರಲ್ಲೂ ಕೇಳುತ್ತೇವೆ. ಮರುವರ್ಷ ಮತ್ತೆ ಅರ್ಜಿ, ಮತ್ತೆ ಕುಟುಂಬ.

ಭತ್ತದ ಬೀಜಕ್ಕೆ ನಾವು ತೆನೆ ಆರಿಸುತ್ತೇವೆ. ಅಡಿಕೆ ಸಸಿ ಮಾಡುವಾಗ ತಾಯಿಮರ ನೋಡುತ್ತೇವೆ. ಹಸು ಕೊಳ್ಳುವಾಗ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ಕೇಳದೆ ಹಣ ಎಣಿಸುವುದಿಲ್ಲ. ಜೇನಿನ ಮಟ್ಟಿಗೆ ಮಾತ್ರ ಕೊಟ್ಟಿಗೆಯನ್ನು ಚಂದವಾಗಿ ಕಟ್ಟಿಸಿ ಒಳಗೆ ಸಿಕ್ಕಿದ ಜಾನುವಾರನ್ನು ಕೂಡುತ್ತಿದ್ದೇವೆ. ಹೆಚ್ಚಿನ ತುಡುವೆ ಕುಟುಂಬಗಳು ಬರುವುದು ಮರದ ಪೊಟರೆಯಿಂದ, ಹುತ್ತದಿಂದ, ಕಲ್ಲುಗೋಡೆಯ ಸಂದಿಯಿಂದ. ಆ ರಾಣಿಯ ವಯಸ್ಸೆಷ್ಟು, ಅದರ ಮಕ್ಕಳಿಗೆ ರೋಗ ತಡೆಯುವ ಶಕ್ತಿ ಇದೆಯೇ, ಅದು ಪದೇ ಪದೇ ಗೂಡು ಬಿಟ್ಟು ಹೋಗುವ ಜಾತಿಯೇ ಎಂಬುದು ಹಿಡಿದವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ. ಕಾಡಿನ ಪೊಟರೆಗಳು ಬರಿದಾಗುತ್ತಿರುವುದು ಬೇರೆ ವಿಚಾರ; ಏಲಕ್ಕಿಯಂಥ ಬೆಳೆಯಲ್ಲಿ ಕಾಯಿ ಕಚ್ಚುವುದಕ್ಕೆ ಆ ಕಾಡುಕುಟುಂಬಗಳೂ ಬೇಕು ಎಂಬುದನ್ನು ಇಲ್ಲಿ ನೆನಪಿಸಿದರೆ ಸಾಕು.

ಹವ್ಯಾಸಕ್ಕಾಗಿ ಎರಡು, ಮೂರು, ಹೆಚ್ಚೆಂದರೆ ಹತ್ತು ಪೆಟ್ಟಿಗೆ ಇಟ್ಟುಕೊಂಡ ಕೃಷಿಕರು ತಮಗೆ ಬೇಕಾದ ರಾಣಿಯನ್ನು ತಾವೇ ಬೆಳೆಸುವುದನ್ನು ಕಲಿತರೆ ಈ ಪರಾವಲಂಬನೆ ತಪ್ಪುತ್ತದೆ ಎಂಬುದು ಈ ಲೇಖನದ ವಾದ. ಇದಕ್ಕೆ ದೊಡ್ಡ ಸಲಕರಣೆ ಬೇಡ. ಬೇಕಾದದ್ದು ಒಂದು ಹರಿತವಾದ ಚೂರಿ, ಕ್ಯಾಲೆಂಡರು, ಮತ್ತು ಸ್ವಲ್ಪ ತಾಳ್ಮೆ.

1991ರ ಪಾಠ

ಇದು ಬರಿಯ ಹವ್ಯಾಸದ ಮಾತಲ್ಲ ಎನ್ನುವುದಕ್ಕೆ ನಮ್ಮ ಕಣ್ಣೆದುರಿನ ಇತಿಹಾಸವೇ ಸಾಕು. ಕೊಡಗಿನ ಜೇನಿಗೆ ಒಂದು ಕಾಲದಲ್ಲಿ ದೇಶದಲ್ಲೆಲ್ಲ ಹೆಸರಿತ್ತು. ವಿರಾಜಪೇಟೆಯ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ 1936ರಷ್ಟು ಹಳೆಯದು. ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲೂ ಪಾದ್ರಿ ನ್ಯೂಟನ್ನರ ಹೆಸರಿನ ಪೆಟ್ಟಿಗೆಗಳು ಅಡಿಕೆ ತೋಟದ ಮೂಲೆ ಮೂಲೆಗಳಲ್ಲಿದ್ದವು. ಅಷ್ಟರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂತು. 1976ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡ ಈ ರೋಗ 1978ರ ಹೊತ್ತಿಗೆ ನಮ್ಮ ಈಶಾನ್ಯ ಭಾಗಕ್ಕೆ ಕಾಲಿಟ್ಟಿತ್ತು. 1991–92ರಲ್ಲಿ ದಕ್ಷಿಣ ಭಾರತವನ್ನು ಹೊಕ್ಕು, ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಅಳಿಸಿಹಾಕಿತು. ನೂರಾರು ಪೆಟ್ಟಿಗೆ ಇದ್ದವರು ಒಂದೇ ವರ್ಷದಲ್ಲಿ ಖಾಲಿ ಹಲಗೆ ಎಣಿಸುವಂತಾಯಿತು.

ರೋಗದ ಗುರುತು ಇಂದಿಗೂ ಎಲ್ಲರಿಗೂ ತಿಳಿದಿರಬೇಕು. ಮರಿಹುಳು ಬೆಳೆದು, ಕೋಶಾವಸ್ಥೆಗೆ ಹೋಗುವ ಮೊದಲೇ ತಲೆ ಮೇಲೆತ್ತಿ ನೀಳವಾಗಿ ಚಾಚಿಕೊಂಡು ಸಾಯುತ್ತದೆ. ಚಿಮಟದಿಂದ ಮೆಲ್ಲನೆ ಎತ್ತಿದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ. ಇದಕ್ಕೆ ಔಷಧಿ ಇಲ್ಲ. ವೈರಸ್ ರೋಗವಾದ್ದರಿಂದ ಆ್ಯಂಟಿಬಯೋಟಿಕ್ ಪುಡಿ ಬೆರೆಸಿದ ಸಕ್ಕರೆಪಾಕ ಕುಡಿಸುವುದು ದಂಡ, ಜೇನಿಗೂ ಕೆಡುಕು.

ಹಾಗಾದರೆ ಅನಂತರ ನಮ್ಮಲ್ಲಿ ಜೇನು ಮರಳಿದ್ದು ಹೇಗೆ? ನೂರರಲ್ಲಿ ಸತ್ತ ತೊಂಬತ್ತನ್ನು ಬಿಟ್ಟು ಉಳಿದ ಹತ್ತರಿಂದ. ಆ ಹತ್ತರ ರಾಣಿಗಳಲ್ಲಿ ಏನೋ ಒಂದು ತಾಳಿಕೆಯ ಗುಣ ಇದ್ದಿರಬೇಕು. ಕಾಡಿನಲ್ಲಿ ಈ ಆಯ್ಕೆಯನ್ನು ಪ್ರಕೃತಿಯೇ ನಿಧಾನವಾಗಿ ಮಾಡಿತು. ಇದೇ ಕೆಲಸವನ್ನು ಮನುಷ್ಯ ಕೈಯಾರೆ ಮಾಡಿದ ಉದಾಹರಣೆಯೂ ಇದೆ. ದಕ್ಷಿಣ ಕೊರಿಯಾದಲ್ಲಿಯೂ ತುಡುವೆಯ ಜಾತಿಯದೇ ನಾಡಜೇನು ಇದೆ. 2009ರ ಬಳಿಕ ಅಲ್ಲಿಯೂ ಸ್ಯಾಕ್‌ಬ್ರೂಡ್ ಬಂದು ನಾಡಜೇನಿನ ಬಹುಪಾಲು ನಾಶವಾಯಿತು. ಅಲ್ಲಿನ ಸರಕಾರಿ ಕೃಷಿ ಸಂಶೋಧಕರು ಔಷಧಿಗಾಗಿ ಕಾಯದೆ, ಬದುಕುಳಿದ ಕುಟುಂಬಗಳನ್ನು ಆರಿಸಿ, ಅವುಗಳಿಂದ ರಾಣಿ ಬೆಳೆಸಿ, ರೋಗ ತಡೆಯುವ ತಳಿಯನ್ನೇ ಹೊರತಂದರು.

ನಮ್ಮಲ್ಲಿ ಮಾತ್ರ ಬದುಕುಳಿದ ಕುಟುಂಬವೂ, ನಿನ್ನೆ ಪೊಟರೆಯಿಂದ ತೆಗೆದ ಕುಟುಂಬವೂ ಒಂದೇ ಬೆಲೆಗೆ ಮಾರಾಟವಾಗುತ್ತಿವೆ. ಒಂದು ಜಿಲ್ಲೆಯಲ್ಲಿ ಹಿಡಿದದ್ದು ವಾರದೊಳಗೆ ಇನ್ನೊಂದು ಜಿಲ್ಲೆಯ ತೋಟದಲ್ಲಿರುತ್ತದೆ. ಕುಟುಂಬದ ಜೊತೆ ಅದರ ರೋಗವೂ ಅದೇ ಲಾರಿಯಲ್ಲಿ ಪ್ರಯಾಣ ಮಾಡುತ್ತದೆ. ಹೊಸದಾಗಿ ಹುಮ್ಮಸ್ಸಿನಿಂದ ಜೇನು ಹಿಡಿದ ಯುವಕರು ಎರಡು ಸಲ ಕೈಸುಟ್ಟುಕೊಂಡರೆ ಮೂರನೆಯ ಸಲ ಪೆಟ್ಟಿಗೆಯ ಹತ್ತಿರ ಸುಳಿಯುವುದಿಲ್ಲ. ಯೋಜನೆಯ ಹಣಕ್ಕಿಂತ ಇದು ದೊಡ್ಡ ನಷ್ಟ.

ಮೆಲ್ಲಿಫೆರಾ ಸಾಕಿದರೆ ಆಗದೇ ಎಂದು ಕೆಲವರು ಕೇಳಬಹುದು. 1960ರ ದಶಕದಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆಯೂರಿ ಪಂಜಾಬಿನಲ್ಲಿ ಹಬ್ಬಿದ ಈ ಯುರೋಪಿನ ಜೇನು ಸಾಸಿವೆ, ಸೂರ್ಯಕಾಂತಿಯ ವಿಸ್ತಾರವಾದ ಬಯಲಿಗೆ ಒಗ್ಗಿದೆ. ಹೂವು ಇರುವಲ್ಲಿಗೆ ಪೆಟ್ಟಿಗೆ ಸಾಗಿಸುವವರಿಗೆ ಅದು ಲಾಭವೂ ಹೌದು. ಮನೆಯ ಹಿತ್ತಲಲ್ಲಿ ಮೂರು ಪೆಟ್ಟಿಗೆ ಇಟ್ಟು, ನಾಲ್ಕು ತಿಂಗಳ ಮಳೆಯನ್ನು ಅಲ್ಲೇ ಕಳೆಯಬೇಕಾದವರಿಗೆ ತುಡುವೆಯೇ ಸರಿ. ಆದಕಾರಣ ಮುಂದಿನ ಮಾತೆಲ್ಲ ತುಡುವೆಯನ್ನು ಕುರಿತದ್ದು.

ರಾಣಿಯಾಗುವುದು ಹೇಗೆ

ರಾಣಿಯ ಮೊಟ್ಟೆ ಎಂದು ಬೇರೆ ಇಲ್ಲ. ಕೆಲಸಗಾರ ನೊಣವಾಗಬೇಕಾದ ಮೊಟ್ಟೆಯೇ ರಾಣಿಯೂ ಆಗಬಲ್ಲುದು. ಮೊಟ್ಟೆ ಒಡೆದ ಮೊದಲ ದಿನಗಳಲ್ಲಿ ಎಲ್ಲ ಹೆಣ್ಣು ಹುಳುಗಳಿಗೂ ದಾದಿ ನೊಣಗಳು ರಾಜಶಾಹಿ ರಸ ಉಣಿಸುತ್ತವೆ. ಆಮೇಲೆ ಕೆಲಸಗಾರ ಹುಳುವಿಗೆ ಪರಾಗ, ಜೇನು ಬೆರೆತ ಆಹಾರ. ರಾಣಿಯಾಗಲಿರುವ ಹುಳುವಿಗೆ ಕೊನೆಯವರೆಗೂ ರಾಜಶಾಹಿ ರಸವೇ. ಅದರ ಕಣವೂ ಬೇರೆ: ನೆಲಗಡಲೆ ಕಾಯಿಯಂತೆ ಎರಿಯ ಅಂಚಿನಿಂದ ಕೆಳಮುಖವಾಗಿ ಇಳಿಬಿದ್ದಿರುತ್ತದೆ. ಮೂರು ದಿನ ಮೊಟ್ಟೆ, ಸುಮಾರು ಐದು ದಿನ ಹುಳು, ಮಿಕ್ಕದ್ದು ಮುಚ್ಚಿದ ಕಣದೊಳಗೆ. ಒಟ್ಟು 15–16 ದಿನಗಳಲ್ಲಿ ರಾಣಿ ಹೊರಬರುತ್ತದೆ. ಕೆಲಸಗಾರ ನೊಣಕ್ಕೆ ಸುಮಾರು 20 ದಿನ ಬೇಕು, ಗಂಡುನೊಣಕ್ಕೆ 24.

ಈ ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ರಾಣಿ ಸಾಕಣೆಯ ಅರ್ಧ ಕೆಲಸ ದಿನ ಎಣಿಸುವುದೇ.

ತೀರ ಎಳೆಯ ಹುಳು, ಎಂದರೆ ಮೊಟ್ಟೆಯೊಡೆದು ಒಂದು ದಿನ ಕಳೆಯದ ಹುಳು, ರಾಣಿಯಾದರೆ ಅಂಡಾಶಯ ತುಂಬಿಕೊಂಡ ದೊಡ್ಡ ರಾಣಿ. ಎರಡು ಮೂರು ದಿನದ ಹುಳುವನ್ನು ಗಡಿಬಿಡಿಯಲ್ಲಿ ರಾಣಿ ಮಾಡಿದರೆ ಹೆಸರಿಗೆ ರಾಣಿ. ಮೈ ಸಣ್ಣದು, ಮೊಟ್ಟೆಯೂ ಕಡಿಮೆ. ಕುಟುಂಬದಲ್ಲಿ ರಾಣಿ ಆಕಸ್ಮಿಕವಾಗಿ ಸತ್ತಾಗ ನೊಣಗಳು ಮಾಡಿಕೊಳ್ಳುವ ತುರ್ತು ರಾಣಿಗಳಲ್ಲಿ ಈ ದೋಷ ಮೇಲಿಂದ ಮೇಲೆ ಕಾಣುತ್ತದೆ. ಪೆಟ್ಟಿಗೆಯ ರಾಣಿ ಹೋಯಿತು, ಚಿಂತೆಯಿಲ್ಲ, ನೊಣಗಳೇ ಇನ್ನೊಂದು ಮಾಡಿಕೊಳ್ಳುತ್ತವೆ ಎನ್ನುವವರು ಇದನ್ನು ಗಮನಿಸಬೇಕು. ಅಲ್ಲದೆ ತುಡುವೆಯಲ್ಲಿ ರಾಣಿ ಇಲ್ಲದೆ ಒಂದೆರಡು ವಾರ ಕಳೆದರೆ ಕೆಲಸಗಾರ ನೊಣಗಳೇ ಮೊಟ್ಟೆಯಿಡಲು ತೊಡಗುತ್ತವೆ. ಅವು ಸಮಾಗಮ ಕಾಣದ ನೊಣಗಳಾದ್ದರಿಂದ ಹುಟ್ಟುವುದೆಲ್ಲ ಗಂಡೇ. ಒಂದೊಂದು ಕಣದಲ್ಲಿ ಎರಡು, ಮೂರು ಮೊಟ್ಟೆ ಚೆಲ್ಲಾಪಿಲ್ಲಿಯಾಗಿ ಕಂಡರೆ ಆ ಕುಟುಂಬ ಆ ಹಂತ ತಲಪಿದೆ ಎಂದರ್ಥ. ಅಂಥದನ್ನು ಸರಿಪಡಿಸುವುದು ಬಲು ಕಷ್ಟ.

ಯಾವ ಕುಟುಂಬದಿಂದ?

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವುದು ಇದು. ಜೇನು ಹೆಚ್ಚು ಕೊಟ್ಟ ಪೆಟ್ಟಿಗೆಯನ್ನೇ ತಾಯಿಪೆಟ್ಟಿಗೆ ಎಂದು ಎತ್ತಿಕೊಳ್ಳುವುದು ನಮ್ಮವರ ಸಾಮಾನ್ಯ ರೂಢಿ. ಜೇನು ಬೇಕು ನಿಜ. ಆದರೆ ಮೊದಲ ಪ್ರಶ್ನೆ, ಕಳೆದ ಮಳೆಗಾಲದಲ್ಲಿ ಯಾವ ಕುಟುಂಬ ಜಾಗ ಬಿಡದೆ ನಿಂತಿತು ಎಂಬುದು. ಜೂನಿನಿಂದ ಸೆಪ್ಟೆಂಬರಿನವರೆಗೆ, ಹೂವಿಲ್ಲದ ದಿನಗಳಲ್ಲಿ, ಕಡಿಮೆ ಸಕ್ಕರೆಪಾಕದಲ್ಲಿ ಸಂಸಾರ ತೂಗಿಸಿದ ಕುಟುಂಬಕ್ಕೆ ಹೆಚ್ಚು ಅಂಕ. ಎರಡನೆಯದು, ನೆರೆಯ ಪೆಟ್ಟಿಗೆಯಲ್ಲಿ ಚೀಲರೋಗ ಬಂದಾಗಲೂ ಯಾವುದರ ಮರಿ ಎರಿ ಸ್ವಚ್ಛವಾಗಿತ್ತು ಎಂಬುದು. ಮೂರನೆಯದು ಮರಿ ಎರಿಯ ತುಂಬುವಿಕೆ: ಮುಚ್ಚಿದ ಎರಿಯಲ್ಲಿ ಖಾಲಿ ಕಣ ಕಡಿಮೆ ಇದ್ದಷ್ಟೂ ಒಳ್ಳೆಯದು. ಜೇನಿನ ತೂಕ ಇವುಗಳ ಬಳಿಕ. ಕಚ್ಚುವ ಸ್ವಭಾವ ಕೊನೆಗೆ. ಆದರೆ ಅಂಗಳದಲ್ಲಿ ಮಕ್ಕಳಿರುವ ಮನೆಯವರು ಅದನ್ನು ಸ್ವಲ್ಪ ಮುಂದಕ್ಕೆ ತರಬಹುದು.

ಕುಟುಂಬದ ಶುಚಿಗುಣವನ್ನು ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಮುಚ್ಚಿದ ಮರಿ ಎರಿಯಲ್ಲಿ ಒಂದೆಡೆ ನೂರು ಕಣ ಗುರುತಿಸಿ, ಸಣ್ಣ ಗುಂಡುಸೂಜಿಯಿಂದ ಒಂದೊಂದನ್ನೂ ಚುಚ್ಚಿ, ಎರಿಯನ್ನು ವಾಪಸು ಇಡಬೇಕು. ಮರುದಿನ ಅದೇ ಹೊತ್ತಿಗೆ ತೆಗೆದು ನೋಡಿದಾಗ, ಸತ್ತ ಹುಳುಗಳನ್ನು ಹೆಚ್ಚುಕಡಿಮೆ ಪೂರ್ತಿ ಎಳೆದುಹಾಕಿ ಕಣ ಗುಡಿಸಿದ ಕುಟುಂಬ ತಾಯಿಯಾಗಲು ಯೋಗ್ಯ. ಅರ್ಧಕ್ಕೆ ಬಿಟ್ಟ ಕುಟುಂಬದ ಜೇನನ್ನು ತಿನ್ನಿರಿ, ಮಗಳನ್ನು ತರಬೇಡಿ!

ಕಾಲ ಮತ್ತು ಕೆಲಸ

ಕರಾವಳಿ, ಮಲೆನಾಡುಗಳಲ್ಲಿ ಮಳೆ ಹಿಂದೆಗೆದು ಪರಾಗ ಬರತೊಡಗಿದ ಮೇಲೆ, ಅಕ್ಟೋಬರಿನಿಂದ ಕುಟುಂಬ ಬೆಳೆಯುತ್ತದೆ. ನವೆಂಬರ್, ಡಿಸೆಂಬರುಗಳಲ್ಲಿ ಪಾಲಾಗುವ ಹುರುಪು ಬರುತ್ತದೆ. ಅದೇ ನಮ್ಮ ಕಾಲ. ನೊಣಗಳಿಗೆ ಮನಸ್ಸಿಲ್ಲದ ಸಮಯದಲ್ಲಿ ರಾಣಿ ಮಾಡಿಸಲು ಹೊರಟರೆ ಅವು ಒಪ್ಪುವುದಿಲ್ಲ.

ಗಂಡುನೊಣದ ಬಗ್ಗೆ ಒಂದು ಮಾತು. ಗಂಡು ಇಲ್ಲದೆ ರಾಣಿ ಬೆಳೆಸುವುದು ವ್ಯರ್ಥ. ಗಂಡು ಹುಟ್ಟುವುದೇ ತಡ, ಹುಟ್ಟಿದ ಮೇಲೂ ಸಮಾಗಮಕ್ಕೆ ಬಲಿಯಲು ಹತ್ತು ಹನ್ನೆರಡು ದಿನ ಬೇಕು. ತುಡುವೆಯ ಗಂಡುಕಣದ ಗುರುತು ಸುಲಭ: ಟೋಪಿಯಂತೆ ಉಬ್ಬಿದ ಮುಚ್ಚಳ, ಅದರ ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಇಂಥ ಮುಚ್ಚಳಗಳು ಕಂಡು ಒಂದು ವಾರ ಕಳೆದ ಮೇಲೆ ರಾಣಿಯ ಕೆಲಸಕ್ಕೆ ಕೈಹಾಕಿದರೆ ಎರಡೂ ಸರಿಯಾಗಿ ಕೂಡಿಬರುತ್ತವೆ.

ದೊಡ್ಡ ಪ್ರಮಾಣದಲ್ಲಿ ರಾಣಿ ಬೆಳೆಸುವವರು ಮೇಣದ ಬಟ್ಟಲು ಮಾಡಿ ಅದಕ್ಕೆ ಎಳೆಹುಳುವನ್ನು ಸೂಜಿಯಿಂದ ಎತ್ತಿಡುತ್ತಾರೆ. ಅಮೆರಿಕದ ಡೂಲಿಟಲ್ 1889ರಲ್ಲಿ ಪುಸ್ತಕ ಬರೆದು ಪ್ರಚಾರಕ್ಕೆ ತಂದ ವಿಧಾನ ಇದು. ಕಣ್ಣು ಚುರುಕಾಗಿ, ಕೈ ನಡುಗದೆ ಇದ್ದವರು ಕಲಿಯಬಹುದು. ಆದರೆ ಹೀಗೆ ಇಟ್ಟ ಹುಳುವನ್ನು ತುಡುವೆ ಒಪ್ಪುವುದು ಮೆಲ್ಲಿಫೆರಾದಷ್ಟು ಸಲೀಸಲ್ಲ. ಮೂರು ಪೆಟ್ಟಿಗೆಯವರಿಗೆ ಎರಿ ಕತ್ತರಿಸುವ ಹಳೆಯ ವಿಧಾನವೇ ಅನುಕೂಲ. ಅದನ್ನು ಒಂದು ತಾರೀಖು ಹಿಡಿದೇ ಹೇಳುತ್ತೇನೆ.

ನವೆಂಬರ್ ಮೊದಲ ವಾರ ತಾಯಿಪೆಟ್ಟಿಗೆಯ ಸಂಸಾರ ಕೋಣೆಯ ನಡುವೆ ಒಂದು ಖಾಲಿ ಚೌಕಟ್ಟು ಕೊಡಬೇಕು. ಸಕ್ಕರೆ, ನೀರು ಸಮಸಮ ಬೆರೆಸಿದ ಪಾಕವನ್ನು ಸಂಜೆ ಸಂಜೆ ಸ್ವಲ್ಪ ಸ್ವಲ್ಪವೇ ಇಟ್ಟರೆ ನೊಣಗಳು ಬಿಳಿಯ ಹೊಸ ಎರಿ ಕಟ್ಟುತ್ತವೆ, ರಾಣಿ ಅದರಲ್ಲಿ ಮೊಟ್ಟೆಯಿಡುತ್ತದೆ. ನವೆಂಬರ್ 10ರಂದು ಆ ಎರಿಯಲ್ಲಿ ಮೊಟ್ಟೆಗಳೂ ಆಗತಾನೆ ಒಡೆದ ಹುಳುಗಳೂ ಇವೆ ಎಂದಿಟ್ಟುಕೊಳ್ಳೋಣ. ನೊಣಗಳನ್ನು ಮೆಲ್ಲನೆ ಸವರಿ ತೆಗೆದು, ಎರಿಯ ಕೆಳ ಅಂಚನ್ನು ಬಿಸಿನೀರಿನಲ್ಲಿ ಅದ್ದಿದ ಚೂರಿಯಿಂದ ಗರಗಸದ ಹಲ್ಲಿನಂತೆ ಕತ್ತರಿಸಬೇಕು. ಎಳೆಹುಳು ಇರುವ ಕಣಗಳು ಈ ಅಂಚಿಗೆ ಬರುವಂತೆ ನೋಡಿಕೊಳ್ಳಬೇಕು. ರಾಣಿ ಕಣ ಇಳಿಬಿಡಲು ಅಲ್ಲಿ ಜಾಗ ಸಿಗುತ್ತದೆ. ಆಮೇಲೆ ಕತ್ತರಿಸಿ ತೆಗೆಯುವುದೂ ಸುಲಭ.

ಅದೇ ದಿನ, ಇನ್ನೊಂದು ಬಲವಾದ ಪೆಟ್ಟಿಗೆಯಿಂದ ಅದರ ರಾಣಿಯನ್ನು ಎರಡು ಎರಿ ಮತ್ತು ನೊಣಗಳ ಸಹಿತ ಒಂದು ಸಣ್ಣ ಪೆಟ್ಟಿಗೆಗೆ ವರ್ಗಾಯಿಸಿ ಬೇರೆ ಕಡೆ ಇಡಬೇಕು. ರಾಣಿಯನ್ನು ಕೊಲ್ಲಬಾರದು, ನಮ್ಮ ಪ್ರಯತ್ನ ಕೆಟ್ಟರೆ ಅದೇ ಗತಿ. ಈಗ ರಾಣಿಯಿಲ್ಲದ ಈ ಪೆಟ್ಟಿಗೆಗೆ ಸಂಜೆಯ ಹೊತ್ತಿಗೆ ಕತ್ತರಿಸಿದ ಎರಿ ಕೊಡಬೇಕು. ಅದರಲ್ಲಿ ಮೊದಲೇ ಇದ್ದ ಮೊಟ್ಟೆ, ಎಳೆಹುಳುಗಳ ಎರಿಗಳನ್ನು ಸಣ್ಣ ಪೆಟ್ಟಿಗೆಗೋ ಬೇರೆ ಕುಟುಂಬಕ್ಕೋ ಸಾಗಿಸಿ, ಮುಚ್ಚಿದ ಮರಿ ಎರಿಗಳನ್ನೇ ಉಳಿಸಿದರೆ ನೊಣಗಳು ಅನ್ಯ ದಾರಿಯಿಲ್ಲದೆ ನಾವು ಕೊಟ್ಟ ಹುಳುಗಳಿಂದಲೇ ರಾಣಿ ಮಾಡುತ್ತವೆ. ಪಾಕ ಕೊಡುವುದನ್ನು ನಿಲ್ಲಿಸಬಾರದು.

ಮೂರನೆಯ ದಿನ, 13ಕ್ಕೆ, ಒಮ್ಮೆ ತೆರೆದು ನೋಡಬೇಕು. ಆಗಲೇ ಮುಚ್ಚಳ ಬಿದ್ದಿರುವ ರಾಣಿ ಕಣ ಕಂಡರೆ ಅದು ಬಲಿತ ಹುಳುವಿನದು; ಮುರಿದುಹಾಕಬೇಕು. ಬೇರೆ ಎರಿಗಳಲ್ಲಿ ಕಳ್ಳತನದಿಂದ ಕಟ್ಟಿದ ಕಣಗಳಿದ್ದರೆ ಅವೂ ಹೋಗಬೇಕು. ಒಂದೇ ಒಂದು ಕಣ್ತಪ್ಪಿ ಉಳಿದರೂ ಅದರಿಂದ ಮೊದಲು ಹೊರಬರುವ ರಾಣಿ ಮಿಕ್ಕೆಲ್ಲ ಕಣಗಳನ್ನೂ ಕಚ್ಚಿ ಹಾಳುಮಾಡುತ್ತದೆ. ಅನಂತರ ಪೆಟ್ಟಿಗೆಯನ್ನು ಮುಟ್ಟದಿರುವುದೇ ಲೇಸು. ದಿನಕ್ಕೆ ಎರಡು ಸಲ ಮುಚ್ಚಳ ಎತ್ತಿ ನೆಂಟರಿಗೆ ತೋರಿಸುವ ಚಪಲ ನಮ್ಮ ಹವ್ಯಾಸಿಗಳಲ್ಲಿ ಬಹಳ. ತುಡುವೆ ಇದನ್ನು ಸಹಿಸುವುದಿಲ್ಲ, ಗೂಡೇ ಬಿಟ್ಟು ಹೋಗುತ್ತದೆ.

ಒಂಬತ್ತನೆಯ ದಿನ, 19ರಂದು, ಕಣಗಳು ಬಲಿತಿರುತ್ತವೆ. ನೊಣಗಳು ತುದಿಯ ಮೇಣವನ್ನು ಕೆರೆದು ತೆಗೆದು, ಒಳಗಿನ ಕಂದು ಪೊರೆ ಕಾಣಿಸುವುದು ಬಲಿತುದರ ಚಿಹ್ನೆ. ಇದರ ಹಿಂದಿನ ದಿನವೇ ಮರಿ ಕುಟುಂಬಗಳನ್ನು ಸಿದ್ಧಮಾಡಿರಬೇಕು: ಒಂದೊಂದರಲ್ಲಿ ಮುಚ್ಚಿದ ಮರಿ ಎರಿ ಎರಡು, ಜೇನು ಪರಾಗವಿರುವ ಎರಿ ಒಂದು, ಅವನ್ನು ಹೊದೆಯುವಷ್ಟು ನೊಣ. ರಾಣಿ ಇರಬಾರದು. ರಾಣಿ ಕಣವನ್ನು ಬುಡದ ಎರಿಯ ಚೂರಿನೊಂದಿಗೆ ಕತ್ತರಿಸಿ, ತುದಿ ಕೆಳಗಾಗಿಯೇ ಹಿಡಿದು, ಮರಿ ಎರಿಯ ಮೇಲ್ಭಾಗದಲ್ಲಿ ಮೇಣದಿಂದ ಅಂಟಿಸಬೇಕು. ಒಂದು ಕುಟುಂಬಕ್ಕೆ ಒಂದೇ ಕಣ. ತಲೆಕೆಳಗು ಮಾಡುವುದು, ಅಲುಗಿಸುವುದು, ಬಿಸಿಲಿಗಿಡುವುದು ಕೂಡದು. ಒಳಗಿನ ರಾಣಿಯ ರೆಕ್ಕೆ ಕೆಡುತ್ತದೆ. ರಾಣಿ ಮಾಡಿಸಿದ ಪೆಟ್ಟಿಗೆಯಲ್ಲೂ ಒಂದು ಕಣ ಉಳಿಸಬೇಕು.

21, 22ರ ಹೊತ್ತಿಗೆ ರಾಣಿ ಹೊರಬರುತ್ತದೆ. ಐದಾರು ದಿನ ಕಳೆದು, ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ಹಾರಿ, ಆಕಾಶದಲ್ಲೇ ಹಲವಾರು ಗಂಡುಗಳೊಡನೆ ಕೂಡಿ ಮರಳುತ್ತದೆ. ಜೀವಮಾನಕ್ಕೆಲ್ಲ ಈ ಕೆಲವು ದಿನಗಳ ಸಮಾಗಮವೇ. ಈ ದಿನಗಳಲ್ಲಿ ದೊಡ್ಡ ತಪ್ಪೊಂದು ನಡೆಯುತ್ತದೆ. ಕುಟುಂಬ ಪರಾರಿಯಾಗದಿರಲೆಂದು ಬಾಗಿಲಿಗೆ ರಾಣಿ ಗೇಟು ಹಾಕಿ ಮರೆತುಬಿಡುತ್ತಾರೆ. ಕೆಲಸಗಾರ ನೊಣ ಮಾತ್ರ ನುಸುಳುವ ಆ ಗೇಟಿನೊಳಗೆ ಕನ್ಯೆರಾಣಿ ಸೆರೆಯಾಗುತ್ತದೆ. ಕಾಲ ಮೀರಿದ ಮೇಲೆ ಬಿಟ್ಟರೂ ಅದು ಗಂಡುಮೊಟ್ಟೆ ಮಾತ್ರ ಇಡುತ್ತದೆ. ಸಮಾಗಮವಿಲ್ಲದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆಂದು ಡ್ಜೀರ್ಜೋನ್ ಎಂಬ ಪಾದ್ರಿ 1845ರಲ್ಲಿಯೇ ಹೇಳಿದ್ದ. ನಮ್ಮಲ್ಲಿ ಈ ಗೇಟು ಅದನ್ನು ವರ್ಷವರ್ಷವೂ ಮತ್ತೆ ತೋರಿಸಿಕೊಡುತ್ತಿದೆ.

ಮರಿ ಕುಟುಂಬಗಳನ್ನು ಸಾಲಾಗಿ ಒತ್ತೊತ್ತಾಗಿ ಇಡಬಾರದು. ಬಾಗಿಲುಗಳು ಬೇರೆ ಬೇರೆ ದಿಕ್ಕಿಗಿರಲಿ, ಎದುರಿಗೆ ಕಲ್ಲೋ ಗಿಡವೋ ಏನಾದರೂ ಗುರುತಿರಲಿ. ದಾರಿ ತಪ್ಪಿ ಪಕ್ಕದ ಪೆಟ್ಟಿಗೆ ಹೊಕ್ಕ ರಾಣಿ ಉಳಿಯುವುದಿಲ್ಲ. ತಂತಿಯ ಮೇಲೆ ಕೂತ ಕಳ್ಳಿಪೀರ, ಕಾಜಾಣಗಳಿಗೂ ಕೆಲವು ರಾಣಿಗಳು ತುತ್ತಾಗುತ್ತವೆ. ಹತ್ತು ಕಣ ಹಂಚಿದವರಿಗೆ ಹತ್ತೂ ರಾಣಿ ಸಿಕ್ಕುವುದಿಲ್ಲವೆಂದು ಮೊದಲೇ ತಿಳಿದಿರುವುದು ಮನಸ್ಸಿಗೆ ಹಿತ.

ಡಿಸೆಂಬರ್ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಎರಿ ಎತ್ತಿ ನೋಡಬಹುದು. ಕಣಕ್ಕೊಂದರಂತೆ, ತಳದ ನಡುವೆ ಮೊಟ್ಟೆ ನಿಂತಿದ್ದರೆ ಕೆಲಸ ಗೆದ್ದಂತೆ. ಈ ರಾಣಿಯ ಮೊದಲ ನೊಣಗಳು ತಿಂಗಳ ಕೊನೆಗೆ ಹೊರಬಂದು ಜನವರಿಯ ನಡುವಿಗೆ ಹೂವಿಗೆ ಹೋಗುತ್ತವೆ. ರಬ್ಬರಿನ ಹೊಸ ಎಲೆಯಲ್ಲಿ ಮಕರಂದ ಒಸರುವುದಕ್ಕೂ, ಕಾಫಿ ಅರಳುವುದಕ್ಕೂ ಮುಂಚೆ ಕುಟುಂಬ ಕೈಗೆ ಬಂತು. ಡಿಸೆಂಬರ್ ಕಳೆದು ಆರಂಭಿಸಿದವರಿಗೆ ಆ ವರ್ಷ ಕುಟುಂಬ ಸಿಕ್ಕೀತು, ತುಪ್ಪ ಸಿಗುವುದು ಅನುಮಾನ.

ಈ ಕ್ರಮದಿಂದ ಇನ್ನೊಂದು ಉಪಕಾರವೂ ಇದೆ. ರಾಣಿ ಇಲ್ಲದ ಎರಡು ಮೂರು ವಾರ ಪೆಟ್ಟಿಗೆಯಲ್ಲಿ ಹೊಸ ಮೊಟ್ಟೆ ಬೀಳುವುದಿಲ್ಲ. ಚೀಲರೋಗದ ವೈರಸ್‌ಗೆ ಬೇಕಾದ ಎಳೆಹುಳು ಸಿಗದೆ ಅದರ ಸರಪಳಿ ತುಂಡಾಗುತ್ತದೆ. ರೋಗ ಕಂಡಾಗ ರಾಣಿಯನ್ನು ಪಂಜರದಲ್ಲಿಡಿ ಎಂದು ತಜ್ಞರು ಹೇಳುವುದೂ ಇದಕ್ಕಾಗಿಯೇ. ರೋಗದ ಪೆಟ್ಟಿಗೆಯನ್ನು ಮಾತ್ರ ತಾಯಿ ಮಾಡಬಾರದು, ಅದರ ಎರಿಯನ್ನು ಇನ್ನೊಂದಕ್ಕೆ ಕೊಡಲೂಬಾರದು.

ಒಬ್ಬನೇ ಮಾಡಿದರೆ ಸಾಲದು

ಇಷ್ಟು ಓದಿ, ಊರಿನ ಒಂದೇ ಒಳ್ಳೆಯ ಕುಟುಂಬದಿಂದ ಇಪ್ಪತ್ತು ರಾಣಿ ಮಾಡಿ ಎಲ್ಲ ಪೆಟ್ಟಿಗೆಗೂ ಹಾಕಿಬಿಡೋಣ ಎಂದು ಯಾರಿಗಾದರೂ ಅನಿಸಬಹುದು. ಅಲ್ಲಿ ಅಪಾಯವಿದೆ. ಜೇನಿನಲ್ಲಿ ಗಂಡು ಹೆಣ್ಣು ನಿರ್ಧಾರವಾಗುವುದು ಒಂದು ವಿಶೇಷ ಜೀನಿನಿಂದ. ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ ಬೇರೆ ಬೇರೆ ಬಗೆಯಾದರೆ ಮೊಟ್ಟೆ ಹೆಣ್ಣಾಗುತ್ತದೆ. ಎರಡೂ ಒಂದೇ ಬಗೆಯಾದರೆ ಹುಟ್ಟುವುದು ನಿಷ್ಪ್ರಯೋಜಕ ಗಂಡುಹುಳು. ಕೆಲಸಗಾರ ನೊಣಗಳು ಅದನ್ನು ಹುಟ್ಟುತ್ತಲೇ ತಿಂದುಹಾಕುತ್ತವೆ. ರಾಣಿ ತನ್ನ ಅಣ್ಣತಮ್ಮಂದಿರೊಡನೆಯೇ ಕೂಡಿದಷ್ಟೂ ಇಂಥ ಮೊಟ್ಟೆ ಹೆಚ್ಚುತ್ತದೆ, ಮರಿ ಎರಿ ಇಲಿ ಕಡಿದ ಚಾಪೆಯಂತೆ ತೂತುತೂತಾಗುತ್ತದೆ, ಕುಟುಂಬ ಏಳುವುದಿಲ್ಲ. ರಾಣಿ ಹಲವು ಗಂಡುಗಳನ್ನು ಕೂಡುವುದು ಈ ಅಪಾಯದಿಂದ ಪಾರಾಗಲೆಂದೇ ಎಂದು ಹೇಳಬಹುದು. ಆದರೆ ಸುತ್ತಲೆಲ್ಲ ಒಂದೇ ತಾಯಿಯ ಗಂಡುಗಳೇ ಇದ್ದರೆ ಅದೂ ಏನು ಮಾಡೀತು?

ತಾಯಿಯನ್ನು ನಾವು ಆರಿಸಬಹುದು, ತಂದೆಯನ್ನು ಆರಿಸಲಾಗದು. ಗಂಡುನೊಣಗಳು ಮೈಲಿಗಟ್ಟಲೆ ಹಾರುತ್ತವೆ. ನನ್ನ ರಾಣಿಗೆ ಗಂಡು ಒದಗಿಸುವುದು ನೆರೆಯವರ ಪೆಟ್ಟಿಗೆಯೇ. ಹೀಗಿರುವಾಗ ಒಬ್ಬ ಹವ್ಯಾಸಿ ತನ್ನ ಮೂರು ಪೆಟ್ಟಿಗೆಯಲ್ಲಿ ಎಷ್ಟು ಕಟ್ಟುನಿಟ್ಟಾಗಿ ಆರಿಸಿದರೂ ಫಲ ಅರ್ಧವೇ. ಅದೇ ಹತ್ತು ಮನೆಯವರು ಸೇರಿದರೆ ಮೂವತ್ತು ಪೆಟ್ಟಿಗೆ. ಅವುಗಳಲ್ಲಿ ಐದಾರು ಒಳ್ಳೆಯ ತಾಯಿಗಳನ್ನು ಒಟ್ಟಾಗಿ ಗುರುತಿಸಿ, ಕಣಗಳನ್ನು ಮನೆಯಿಂದ ಮನೆಗೆ ಹಂಚಿಕೊಂಡು, ತೀರ ಕಳಪೆಯಾದ ಕುಟುಂಬಗಳ ಗಂಡು ಎರಿಯನ್ನು ಆ ಎರಡು ತಿಂಗಳು ಕತ್ತರಿಸಿ ತೆಗೆದರೆ, ನಾಲ್ಕೈದು ವರ್ಷಗಳಲ್ಲಿ ಊರಿನ ಜೇನಿನ ಸ್ವಭಾವವೇ ತಿದ್ದಿಕೊಳ್ಳುತ್ತದೆ. ಈ ಪುಟವನ್ನು ವಾಚನಾಲಯದಲ್ಲಿ ಕೂತು ಓದುತ್ತಿರುವವರಲ್ಲಿ ಪೆಟ್ಟಿಗೆ ಇದ್ದವರು ನಾಲ್ಕು ಜನ ಇದ್ದರೂ ಆರಂಭಕ್ಕೆ ಸಾಕು. ನೂರಾರು ಪೆಟ್ಟಿಗೆಯವರಿಗೆ ಇಂಥ ಸೂಕ್ಷ್ಮಕ್ಕೆ ಬಿಡುವಿಲ್ಲ, ಕುಟುಂಬ ಮಾರುವ ವ್ಯಾಪಾರಿಗಂತೂ ಇದರಲ್ಲಿ ಆಸಕ್ತಿಯಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಒಮ್ಮೆ ಪೆಟ್ಟಿಗೆಯ ಸುತ್ತ ಹೋಗಿಬರುವ ಹವ್ಯಾಸಿಗೇ ಇದು ಒಗ್ಗುವ ಕೆಲಸ.

ಇಲಾಖೆಯಿಂದ ಕೇಳಬೇಕಾದದ್ದು

ರಾಷ್ಟ್ರೀಯ ಮಿಷನ್ನಿನ ಮಾರ್ಗಸೂಚಿಯಲ್ಲಿ ಗುಣಮಟ್ಟದ ಮೂಲ ಕುಟುಂಬಗಳ ಅಭಿವೃದ್ಧಿಗೂ, ಜೇನು ತಳಿಗಾರರಿಗೂ ಜಾಗ ಕೊಡಲಾಗಿದೆ. ಹಳ್ಳಿಗೆ ಬರುವಾಗ ಮಾತ್ರ ಯೋಜನೆ ಎಂದರೆ ಪೆಟ್ಟಿಗೆ ಎಂದಾಗಿಬಿಡುತ್ತದೆ. ಪೆಟ್ಟಿಗೆ ಎಣಿಸಲು ಸುಲಭ, ಛಾಯಾಚಿತ್ರ ತೆಗೆಯಲು ಸುಲಭ. ರಾಣಿ ಎರಿಯ ಮರೆಗೆ ಓಡುತ್ತದೆ, 15 ದಿನ ಕಾಯಬೇಕು, ಹತ್ತರಲ್ಲಿ ಮೂರು ಕೆಡುತ್ತವೆ. ಅದರ ವರದಿ ಬರೆಯುವುದು ಯಾರಿಗೆ ಬೇಕು?

ಸಹಾಯಧನದ ಕುಟುಂಬ ಪಡೆಯುವ ರೈತರು ಮೂರು ಪ್ರಶ್ನೆ ಕೇಳಬಹುದು, ಇದಕ್ಕೆ ಅಂಜಬೇಕಾಗಿಲ್ಲ. ಈ ಕುಟುಂಬ ಎಲ್ಲಿಯದು? ರಾಣಿ ಯಾವ ವರ್ಷದ್ದು? ಇದನ್ನು ಹಿಡಿದದ್ದೋ, ಸಾಕಿದ ಕುಟುಂಬದಿಂದ ಪಾಲುಮಾಡಿದ್ದೋ? ಉತ್ತರ ಸಿಗದಿದ್ದರೂ ಚಿಂತೆಯಿಲ್ಲ, ಪ್ರಶ್ನೆ ಹತ್ತು ಕಡೆಯಿಂದ ಬಂದರೆ ಕುಟುಂಬ ಒದಗಿಸುವವರು ಮುಂದಿನ ವರ್ಷ ಉತ್ತರ ಇಟ್ಟುಕೊಂಡು ಬರುತ್ತಾರೆ. ತರಬೇತಿ ಶಿಬಿರಗಳನ್ನು ನಡೆಸುವವರನ್ನೂ ಕೇಳಬೇಕು. ಬೇಸಗೆಯಲ್ಲಿ ಎರಡು ದಿನ ಜೇನು ತೆಗೆಯುವ ಯಂತ್ರ ತಿರುಗಿಸಿ ತೋರಿಸುವ ಶಿಬಿರದ ಬದಲು, ನವೆಂಬರಿನಲ್ಲಿ ಒಂದೇ ಊರಿಗೆ ನಾಲ್ಕು ಸಲ, ಎರಿ ಕತ್ತರಿಸುವ ದಿನ, ಮೂರನೆಯ ದಿನ, ಒಂಬತ್ತನೆಯ ದಿನ ಮತ್ತು ಮೊಟ್ಟೆ ನೋಡುವ ದಿನ ಬಂದುಹೋದರೆ ಅಷ್ಟೇ ಖರ್ಚಿನಲ್ಲಿ ಊರಿಗೆ ವಿದ್ಯೆ ಉಳಿಯುತ್ತದೆ.

ಕೊನೆಯದಾಗಿ ಒಂದು ಸಣ್ಣ ವಿಷಯ. ರಾಣಿಯ ವಯಸ್ಸು ನೆನಪಿನಲ್ಲಿ ನಿಲ್ಲುವುದಿಲ್ಲ. ಎರಡನೆಯ ವರ್ಷ ಕಳೆಯುತ್ತಿದ್ದಂತೆ ಮೊಟ್ಟೆ ಕಡಿಮೆಯಾಗುತ್ತ ಬರುವುದರಿಂದ ಆ ಹೊತ್ತಿಗೆ ಹೊಸ ರಾಣಿ ಸಿದ್ಧವಿರಬೇಕು. ರಾಣಿಯ ಬೆನ್ನ ಮೇಲೆ ಬೆಂಕಿಕಡ್ಡಿಯ ತುದಿಯಿಂದ ಬಣ್ಣದ ಒಂದು ಚುಕ್ಕೆ ಇಡುವ ಪದ್ಧತಿ ಲೋಕದಲ್ಲೆಲ್ಲ ಇದೆ. ಇಸವಿಯ ಕೊನೆಯ ಅಂಕಿ 1 ಅಥವಾ 6 ಆದರೆ ಬಿಳಿ, 2 ಅಥವಾ 7ಕ್ಕೆ ಹಳದಿ, 3 ಅಥವಾ 8ಕ್ಕೆ ಕೆಂಪು, 4 ಅಥವಾ 9ಕ್ಕೆ ಹಸಿರು, 5 ಅಥವಾ ಸೊನ್ನೆಗೆ ನೀಲಿ. ತುಡುವೆ ರಾಣಿ ಕಪ್ಪು, ಅಂಜುಬುರುಕಿ. ಬಣ್ಣದ ಚುಕ್ಕೆ ಇದ್ದರೆ ಎರಿಯ ಮೇಲೆ ಹುಡುಕುವುದೂ ಸಲೀಸು. ಬಣ್ಣ ಆರುವ ತನಕ ಒಂದು ನಿಮಿಷ ಬೆರಳ ನಡುವೆ ಮೆಲ್ಲನೆ ಹಿಡಿದಿರಬೇಕು, ಹೊಟ್ಟೆಯನ್ನು ಒತ್ತಬಾರದು. ಮೊದಲು ಗಂಡುನೊಣಗಳ ಮೇಲೆ ಕೈ ಪಳಗಿಸಿಕೊಂಡರೆ ಒಳ್ಳೆಯದು, ಅವುಗಳಿಗೆ ಮುಳ್ಳಿಲ್ಲ.